ನಲವತ್ತನೆಯ ದಿನದ ಬಿಸಿನೀರು

ಹೆಣ್ಣು ಕೇಳಲು ಬಂದ ದಿನ ನನ್ನ ಗಂಡ ಹೆಣ್ಣು ಕೇಳಲೇ ಇಲ್ಲ. ಅವನ ದೊಡ್ಡಪ್ಪ ನಮ್ಮಪ್ಪನ ಎದುರು ಕೂತು ಚಳಿ, ಗೋಧಿ, ರೈಲ್ವೆ ಕಾರ್ಖಾನೆ ಎಂದು ಸುತ್ತಿ ಬಳಸಿ ವಿಷಯಕ್ಕೆ ಬರುವಷ್ಟರಲ್ಲಿ ವರ ಕುರ್ಚಿಯಲ್ಲಿರಲಿಲ್ಲ. ನಾನು ವರನ ತಾಳ್ಮೆ ನೋಡುವ ನಮ್ಮ ಪದ್ಧತಿಯಂತೆ ಅವನ ಕಾಫಿಗೆ ಉಪ್ಪು ಸುರಿದು, ಮುಖ ಹೇಗೆ ಕಿವುಚುತ್ತಾನೋ ನೋಡೋಣವೆಂದು ತಟ್ಟೆ ಹಿಡಿದು ನಿಂತಿದ್ದೆ. ಹುಡುಕಿದರೆ ಅಡುಗೆಮನೆಯ ಸಿಂಕಿನ ಕೆಳಗೆ ಎರಡು ಕಾಲು ಕಾಣಿಸಿದವು. ನಮ್ಮ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. "ಯಾರನ್ನ ಕೇಳಿ ಮುಟ್ಟಿದೆಯಪ್ಪ?" ಎಂದು ನಮ್ಮಪ್ಪ ಕೇಳಿದರೆ, "ತೊಟ್ಟಿಕ್ತಿತ್ತಲ್ಲ" ಎಂದ. ಅಷ್ಟೇ ಉತ್ತರ. ನಮ್ಮಪ್ಪ ನಕ್ಕು ಹೂಂ ಎಂದುಬಿಟ್ಟರು. ಉಪ್ಪಿನ ಕಾಫಿಯನ್ನು ಅವನು ಒಂದೇ ಗುಟುಕಿಗೆ ಕುಡಿದ. ಅದರಲ್ಲಿ ಉಪ್ಪಿತ್ತೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ರಿಫ್ಕಿ ಅವನ ಹೆಸರು. ತುರ್ಕಿಯ ನಮ್ಮ ಊರು ಎಸ್ಕಿಶೆಹಿರಿನಲ್ಲಿ ಕೈಕೆಲಸ ಬಲ್ಲವರನ್ನು ಉಸ್ತಾ ಎನ್ನುತ್ತಾರೆ. ಮೂವತ್ತು ವರ್ಷಗಳಿಂದ ಅವನು ರಿಫ್ಕಿ ಉಸ್ತಾ, ಕೋಂಬಿ ರಿಪೇರಿಯವನು. ಅಡುಗೆಮನೆಯ ಗೋಡೆಗೋ ಬಾಲ್ಕನಿಯ ಗೋಡೆಗೋ ನೇತುಹಾಕಿದ ಬಿಳಿ ಡಬ್ಬ, ಗ್ಯಾಸಿನಲ್ಲಿ ಉರಿದು ಮನೆಯನ್ನೂ ಬೆಚ್ಚಗಿಡುತ್ತದೆ, ನಲ್ಲಿಗೂ ಬಿಸಿನೀರು ಕೊಡುತ್ತದೆ, ಅದೇ ಕೋಂಬಿ. ಜನವರಿಯಲ್ಲಿ ಅದು ಮುನಿಸಿಕೊಂಡರೆ ಮನೆಯ ಯಜಮಾನ ಮುನಿಸಿಕೊಂಡದ್ದಕ್ಕಿಂತ ದೊಡ್ಡ ಗಲಾಟೆ. ಆದರೆ ಕೋಂಬಿ ನೋಡಲು ಹೋದ ನನ್ನ ಗಂಡ ಕೋಂಬಿ ಮಾತ್ರ ನೋಡಿ ಬರುವವನಲ್ಲ. ಆ ಮನೆಯ ಸಡಿಲವಾದ ಬಾಗಿಲ ಹಿಡಿ, ವಾಲಿದ ಕಪಾಟು, ನಿಂತ ಗಡಿಯಾರ ಎಲ್ಲಕ್ಕೂ ಕೈ ಹಾಕಿಯೇ ಬರುತ್ತಾನೆ. ಕೇಳುವುದಿಲ್ಲ. ಕೆಲವರು ಹೊಗಳುತ್ತಾರೆ, ಕೆಲವರು ಇನ್ನೊಮ್ಮೆ ಕರೆಯುವುದಿಲ್ಲ. ಊಟಕ್ಕೆ ಕೂತರೆ ಮೊದಲು ಮೇಜಿನ ಕಾಲು ಅಲ್ಲಾಡಿಸಿ ನೋಡುತ್ತಾನೆ. "ಒಂದು ಗಳಿಗೆ ಸುಮ್ನೆ ಕೂತ್ಕೋ ಮಾರಾಯ, ನಿನ್ನ ನೋಡಿ ನೋಡಿ ನನಗೇ ಸುಸ್ತಾಗುತ್ತೆ" ಎಂದರೆ ಕೂರುತ್ತಾನೆ. ಅರೆಕ್ಷಣದಲ್ಲಿ ಮೊಣಕಾಲು ಕುಣಿಯಲು ಶುರುವಾಗುತ್ತದೆ.

ಈ ಕೈಯೇ ಅವನಿಗೆ ಮಗಳ ಮನೆಯ ಬಾಗಿಲು ಮುಚ್ಚಿಸಿತು.

ನಮ್ಮ ಒಬ್ಬಳೇ ಮಗಳು ಸೆವಿಲಾಯ್. ಪ್ರಾಥಮಿಕ ಶಾಲೆಯ ಟೀಚರು. ಮದುವೆಯಾಗಿ ನದಿಯಾಚೆಗೆ ನಾಲ್ಕನೇ ಮಹಡಿಯ ಮನೆಗೆ ಹೋದಾಗ ಅಪ್ಪ ಕೊಟ್ಟ ಉಡುಗೊರೆಯೇ ಕೋಂಬಿ. ಅವನೇ ಹೊತ್ತು, ಅವನೇ ತೂಗುಹಾಕಿದ. ಆ ಮನೆಯ ಒಂದು ಕೀಲಿ ಅವನ ಜೇಬಿನಲ್ಲಿತ್ತು, ವಾರಕ್ಕೆರಡು ಸಲ ಏನಾದರೊಂದು ನೆಪ ಹಿಡಿದು ಹೋಗುತ್ತಿದ್ದ. ಎರಡು ವರ್ಷದ ಹಿಂದೆ, ಚಳಿ ಶುರುವಾಗುವ ಹೊತ್ತಿಗೆ, ಸೆವಿಲಾಯ್‌ಗೆ ಮೂರನೇ ತಿಂಗಳು. ನನಗೊಬ್ಬಳಿಗೇ ಹೇಳಿದ್ದಳು. "ಅಪ್ಪಂಗೆ ಈಗಲೇ ಹೇಳ್ಬೇಡಮ್ಮ. ಹೇಳಿದ್ರೆ ನಾಳೆ ಬೆಳಿಗ್ಗೆನೇ ಡ್ರಿಲ್ಲು ಹಿಡ್ಕೊಂಡು ಬಂದು ನಿಲ್ತಾನೆ" ಎಂದು ಆಣೆ ಹಾಕಿಸಿಕೊಂಡಳು. ಒಂಬತ್ತು ದಿನ ತಡೆದುಕೊಂಡೆ. ಹತ್ತನೇ ದಿನ ಈರುಳ್ಳಿ ಹೆಚ್ಚುತ್ತಾ ಹೇಳಿಬಿಟ್ಟೆ.

ಮುಂದಿನ ಮಂಗಳವಾರ ಬೆಳಿಗ್ಗೆ ಅವಳಿಗೆ ರಕ್ತ ಹೋಯಿತು. ಅಳಿಯ ತುಂಜಾಯ್ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ನಮಗೆ ಸುದ್ದಿ ಬಂದಿರಲಿಲ್ಲ. ಅದೇ ಬೆಳಿಗ್ಗೆ ನನ್ನ ಗಂಡ ಜೇಬಿನ ಕೀಲಿಯಿಂದ ಬಾಗಿಲು ತೆಗೆದು ಆ ಖಾಲಿ ಮನೆಯನ್ನು ಹೊಕ್ಕ. ಬಸಿರು ಉಳಿಯಲಿಲ್ಲ. ಮಧ್ಯಾಹ್ನ ಗಂಡನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದ ಸೆವಿಲಾಯ್‌ಗೆ ಡ್ರಿಲ್ಲಿನ ಸದ್ದು ಕೇಳಿಸಿತು. ಚಿಕ್ಕ ಕೋಣೆಯ ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಹೊಸ ರೇಡಿಯೇಟರ್ ಕೂರಿಸಿ, ಕೈ ಒರೆಸಿಕೊಳ್ಳುತ್ತಾ, ಮುಖದ ತುಂಬ ನಗುತ್ತಾ ಇವನು ಎದ್ದು ನಿಂತ. "ಮಗುಗೆ ಚಳಿ ಆಗ್ಬಾರ್ದಲ್ಲ" ಎಂದ.

ನಾನಲ್ಲಿರಲಿಲ್ಲ, ಅಳಿಯನೇ ಆಮೇಲೆ ಹೇಳಿದ್ದು. ಸೆವಿಲಾಯ್ ಗೋಡೆ ಹಿಡಿದು ಕೂತಳಂತೆ. ಆಮೇಲೆ ಕೇಳಿದ್ದು ಒಂದೇ: "ನನ್ನ ಡ್ರಾಯರ್ ತೆಗೆದ್ಯಾ? ಡಾಕ್ಟ್ರ ಚೀಟಿ ಓದಿದ್ಯಾ?" ಕಂಡದ್ದಕ್ಕೆಲ್ಲ ಕೈ ಹಾಕುವವನು ಡ್ರಾಯರಿಗೂ ಹಾಕಿರುತ್ತಾನೆ ಎಂದು ಅವಳ ಲೆಕ್ಕ. ಇವನು ಇಲ್ಲ ಎನ್ನಲಿಲ್ಲ. ನನ್ನ ಹೆಸರೂ ಹೇಳಲಿಲ್ಲ. ಕೀಲಿಯನ್ನು ಶೂ ಕಪಾಟಿನ ಮೇಲಿಟ್ಟು ಇಳಿದು ಬಂದ. ಮತ್ತೆ ಈ ಬಾಗಿಲಿಗೆ ಬರಬೇಡ ಎಂದು ಅವಳು ಕೂಗಿದ್ದು ಕೆಳಮಹಡಿಯವರಿಗೂ ಕೇಳಿಸಿತಂತೆ.

ನಾನು ಹೇಳಬಹುದಿತ್ತು. ವಾರಕ್ಕೊಮ್ಮೆ ಮಗಳ ಮನೆಗೆ ಹೋಗುತ್ತಿದ್ದೆ, ಪ್ರತಿ ಸಲ ಸೇತುವೆ ದಾಟುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ, ಪ್ರತಿ ಸಲ ಚಹಾ ಕುಡಿದು ಹಿಂದಿರುಗುತ್ತಿದ್ದೆ. ನನ್ನನ್ನೂ ದೂರ ಮಾಡಿದರೆ ಅವಳಿಗೆ ಯಾರಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಹೆದರಿದ್ದೆ, ಅಷ್ಟೇ. ಎರಡು ವರ್ಷ ನನ್ನ ತಪ್ಪನ್ನು ಗಂಡನ ತಲೆಗೆ ಕಟ್ಟಿ ಹಾಯಾಗಿ ಚಹಾ ಕುಡಿದೆ. ಹಾಯಾಗಿ ಎಂದೆನೇ? ಇಲ್ಲ, ಒಂದು ದಿನವೂ ಆ ಚಹಾ ನನಗೆ ರುಚಿಸಲಿಲ್ಲ. ಮನೆಗೆ ಬಂದರೆ ಇವನು ಬಾಗಿಲಲ್ಲೇ ನಿಂತು "ಹೇಗಿದಾಳೆ?" ಎನ್ನುತ್ತಿದ್ದ, "ಹೇಳಿದ್ಯಾ?" ಎಂದು ಒಮ್ಮೆಯೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಮಗು ಹುಟ್ಟಿತು. ಆಸ್ಪತ್ರೆಯಿಂದಲೇ ಇವನಿಗೆ ಫೋನ್ ಮಾಡಿದೆ. "ಹೆಣ್ಣು. ಗೊಂಜಾ ಅಂತ ಹೆಸರಿಡ್ತಾರಂತೆ. ತಾಯಿ ಮಗು ಇಬ್ರೂ ಚೆನ್ನಾಗಿದಾರೆ" ಎಂದೆ. ಸಂಜೆ ಮನೆಗೆ ಬಂದು ನೋಡಿದರೆ ನಮ್ಮ ಕೋಂಬಿ ಅಡುಗೆಮನೆಯ ನೆಲದಲ್ಲಿ, ಹಾಸಿದ ಹಳೆ ಚಾದರದ ಮೇಲೆ, ಬಿಡಿಬಿಡಿಯಾಗಿ ಬಿದ್ದಿತ್ತು. "ಏನಾಗಿತ್ತು ಇದಕ್ಕೆ?" ಎಂದೆ. "ಏನೂ ಆಗಿರ್ಲಿಲ್ಲ" ಎಂದ. ಎರಡು ದಿನ ನಾವಿಬ್ಬರೂ ಮನೆಯೊಳಗೆ ಕೋಟು ಹಾಕಿಕೊಂಡು ಕೂತೆವು.

ಆಮೇಲಿನ ನಲವತ್ತು ದಿನ ಅವನು ನಿಂತಲ್ಲಿ ನಿಲ್ಲಲಿಲ್ಲ. ಪ್ರತಿದಿನ ಟ್ರಾಮು ಹತ್ತಿ ನದಿ ದಾಟಿ ಮಗಳ ಸ್ಟಾಪಿನಲ್ಲಿ ಇಳಿಯುತ್ತಿದ್ದ, ತಲೆ ಎತ್ತಿ ನಾಲ್ಕನೇ ಮಹಡಿ ನೋಡುತ್ತಿದ್ದ, ಮುಂದಿನ ಟ್ರಾಮಿನಲ್ಲಿ ವಾಪಸು. ಬಾಲ್ಕನಿಯ ಗಾಜಿನ ಹಿಂದೆ ಒಣಹಾಕಿದ ಮಗುವಿನ ಬಟ್ಟೆ ಕಾಣುತ್ತಿತ್ತಂತೆ. "ಆ ಹಳದಿ ಸ್ವೆಟರ್ ಹೊಸದಾ?" ಎಂದು ಒಂದು ದಿನ ಕೇಳಿದ. ನಾನು ಸಿಂಕಿನ ಕಡೆ ತಿರುಗಿ ನಿಂತುಕೊಂಡೆ.

ನಲವತ್ತು ತುಂಬಿದ ದಿನ ಬಾಣಂತಿಗೂ ಮಗುವಿಗೂ ಎರೆಯುವುದು ನಮ್ಮಲ್ಲಿ ದೊಡ್ಡ ಸಂಗತಿ. ಬಿಸಿನೀರಿಗೆ ಚಿನ್ನದ ಉಂಗುರ ಹಾಕಿ, ಅದಕ್ಕೆ ನಲವತ್ತು ಚಮಚ ನೀರು ಎಣಿಸಿ ಸುರಿದು, ಆ ನೀರನ್ನು ಮಗುವಿನ ಮೈಮೇಲೆ ಬಿಡಬೇಕು. ಅಂದಿನಿಂದ ಇಬ್ಬರೂ ಹೊಸ್ತಿಲು ದಾಟಬಹುದು. ಆದರೆ ಆ ಮನೆಯಲ್ಲಿ ಬಿಸಿನೀರೆಂಬುದು ಎರಡು ವರ್ಷದಿಂದ ಹೆಸರಿಗಷ್ಟೇ. ತಲೆಸ್ನಾನಕ್ಕೆ ಸೆವಿಲಾಯ್ ಅತ್ತೆಯ ಮನೆಗೋ ಪೇಟೆಯ ಬಿಸಿನೀರ ಬುಗ್ಗೆಯ ಹಮಾಮಿಗೋ ಹೋಗುತ್ತಿದ್ದಳು. ಮೂರು ಜನ ರಿಪೇರಿಯವರು ಬಂದು ಹೋದರು. ಒಬ್ಬ ನಲ್ಲಿಗಳ ತುದಿಯ ಜಾಲರಿ ತೊಳೆದ, ಒಬ್ಬ ಆಸಿಡ್ ಬಿಟ್ಟು ಕೋಂಬಿಯ ಸುಣ್ಣ ತೆಗೆದ, ಮೂರನೆಯವನು ಇದು ಮುಗಿದ ಕಥೆ, ಹೊಸದು ತನ್ನಿ ಎಂದ. ಬಾಣಂತನದ ಹೊತ್ತಿಗೆ ನೀರು ನೂಲಿನಷ್ಟಾಗಿತ್ತು. ನೀರು ತೀರಾ ಸಣ್ಣಗೆ ಹರಿದರೆ ಕೋಂಬಿ ಹೊತ್ತಿಕೊಳ್ಳುವುದೇ ಇಲ್ಲ. ಒಂದು ಸಲ ಕುದಿನೀರು, ಮರುಕ್ಷಣ ಹಿಮ.

ಆ ಬೆಳಿಗ್ಗೆ ನಾನು ಹೋದಾಗ ಬೀಗಿತ್ತಿ ಫೆರ್ದಾನೆ, ಎಂದರೆ ತುಂಜಾಯ್‌ನ ತಾಯಿ, ಆಗಲೇ ಉಂಗುರ ತೊಳೆದು ಇಟ್ಟುಕೊಂಡು ಕೂತಿದ್ದಳು. ಬಾಲ್ಕನಿಯಲ್ಲಿ ತುಂಜಾಯ್ ಕೋಂಬಿಯ ಕೆಳಗಿನ ಗುಂಡಿಯನ್ನು ತಿರುಗಿಸುತ್ತಿದ್ದ, ನೆಲವೆಲ್ಲ ಒದ್ದೆ.

"ಏನೋ ಮಾಡ್ತಿದೀಯ?" ಎಂದೆ.

"ನಲ್ಲಿಲಿ ಪ್ರೆಷರ್ ಇಲ್ವಲ್ಲ ಅತ್ತೆ, ತುಂಬಿಸ್ತಿದೀನಿ."

ಕೋಂಬಿಯ ಪ್ರೆಷರ್ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು. ಈ ಊರಿನ ಗಂಡಸರೆಲ್ಲ ಮಾಡುವ ತಪ್ಪು ಇದು. ನಲ್ಲಿಯ ಪ್ರೆಷರ್ ಕಡಿಮೆಯಾದರೆ ಕೋಂಬಿಯ ಪ್ರೆಷರ್ ಏರಿಸುತ್ತಾರೆ. ಎರಡಕ್ಕೂ ಒಂದೇ ಹೆಸರಿದೆ ಎಂದು ಎರಡೂ ಒಂದೇ ಎಂದುಕೊಳ್ಳುತ್ತಾರೆ. ಮೂವತ್ತು ವರ್ಷ ಉಸ್ತಾನ ಜೊತೆ ಬಾಳಿದ ನನಗೂ ಅಷ್ಟು ಗೊತ್ತು.

"ಅದು ರೇಡಿಯೇಟರ್ ನೀರು ಕಣೋ, ಒಳಗೊಳಗೇ ಸುತ್ತೋದು. ನಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಬಿಡು, ಒಡೆದು ಹಾಕ್ತೀಯ."

"ಪಾತ್ರೇಲಿ ಕಾಯ್ಸಿ ಎರೆದ್ರಾಯ್ತಪ್ಪ" ಎಂದಳು ಫೆರ್ದಾನೆ. "ನಮ್ಮ ಕಾಲದಲ್ಲಿ ಈ ಡಬ್ಬ ಎಲ್ಲಿತ್ತು? ನಾವೇನು ಕೊಳಕಾಗಿ ಬೆಳೆದ್ವಾ?"

"ಮಗುಗೆ ಸಾಕಾಗುತ್ತೆ ಅತ್ತೆ. ನನಗೆ?" ಸೆವಿಲಾಯ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದಳು. ಅಪ್ಪನ ಮಗಳೇ. "ನಲವತ್ತು ದಿನ ಆಯ್ತು ಈ ದಾರದಂಥ ನೀರಲ್ಲಿ ತಲೆ ನೆನೆಸ್ತಾ. ಇವತ್ತು ಒಂದು ದಿನ ನಾನು ತಲೆ ಮೇಲೆ ನೀರು ಸುರ್ಕೊಂಡು ನಿಲ್ಬೇಕು."

ಇನ್ನೊಂದು ಸುತ್ತು ಹಾಕಿ ಬಂದಳು. ನನ್ನ ಮುಖ ನೋಡದೆ, "ಆ ಉಸ್ತಾನ್ನ ಕರೀರಿ" ಎಂದಳು.

"ಯಾವ ಉಸ್ತಾ?"

"ಇದನ್ನ ಹಾಕಿದ ಉಸ್ತಾ."

ನಾನೇ ನನ್ನ ಗಂಡನಿಗೆ ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದ.

"ಮಗುಗೆ ಏನಾಯ್ತು?"

"ಏನೂ ಆಗಿಲ್ಲ. ಇಲ್ಲಿ ನೀರು ಬರ್ತಿಲ್ಲ."

"ಬಿಸಿದೋ ತಣ್ಣೀರೋ?"

"ಬಿಸಿದು."

"ಯಾರು ಕರೆದ್ರು?"

"ಅವಳೇ."

ಫೋನು ಕಟ್ಟಾಯಿತು. ಅರ್ಧ ಗಂಟೆಯ ದಾರಿ, ಕಾಲು ಗಂಟೆಯಲ್ಲಿ ಬಾಗಿಲ ಗಂಟೆ ಹೊಡೆಯಿತು. ಇಸ್ತ್ರಿ ಮಾಡಿದ ಅಂಗಿ, ಹೊಸ ಸಾಕ್ಸು, ಕೈಯಲ್ಲಿ ಹಳೆಯ ಚೀಲ. ಶೂ ಬಿಚ್ಚಿ ಹೊರಗೆ ಜೋಡಿಸಿಟ್ಟು ನೆಲ ನೋಡುತ್ತಾ ಒಳಗೆ ಬಂದ.

"ಬನ್ನಿ ಬನ್ನಿ ಬೀಗರೇ, ದಾರಿ ತಪ್ಪಿ ಬಂದ್ರೋ ಹೇಗೆ?" ಎಂದು ಫೆರ್ದಾನೆ ಚುಚ್ಚಿದಳು. ಅವನು ಅವಳಿಗೆ ಸಲಾಂ ಹೇಳಿದ. ಸೆವಿಲಾಯ್ ಮಗುವಿನ ಮುಖ ಕಾಣದಂತೆ ಆ ಕಡೆ ತಿರುಗಿಸಿಕೊಂಡು, "ಬಾಲ್ಕನಿಲಿದೆ, ಉಸ್ತಾ" ಎಂದಳು. ಬೇರೆ ಯಾರ ಮನೆಯಲ್ಲಾದರೂ ಆ ಹೆಸರು ಕೇಳಿದರೆ ಅವನ ಎದೆ ಉಬ್ಬುತ್ತಿತ್ತು. ಇಲ್ಲಿ ಅವನು ಕಪಾಳಕ್ಕೆ ಹೊಡೆಸಿಕೊಂಡವನಂತೆ ತಲೆಯಾಡಿಸಿದ.

ಕೆಲಸಕ್ಕೆ ನಿಂತ ಮೇಲೆ ಮಾತ್ರ ಅವನ ದನಿ ಬಂತು. ಮೊದಲು ತುಂಜಾಯ್ ತುಂಬಿಸಿದ್ದ ಹೆಚ್ಚಿನ ನೀರು ಇಳಿಸಿ ಮುಳ್ಳನ್ನು ಜಾಗಕ್ಕೆ ತಂದ. ಆಮೇಲೆ, "ತುಂಜಾಯ್, ಅಡುಗೆಮನೆ ತಣ್ಣೀರು ಬಿಡು. ಪೂರ್ತಿ" ಎಂದ. ನೀರು ಸಿಂಕಿಗೆ ಅಪ್ಪಳಿಸಿತು. "ನಿಲ್ಲಿಸು. ಈಗ ಬಿಸಿದು." ನೂಲು. "ಬಚ್ಚಲಲ್ಲಿ?" ಅಲ್ಲೂ ನೂಲು.

"ಎಲ್ಲಾ ಕಡೆ ಒಂದೇ ಥರ ಅಂದ್ರೆ ನಲ್ಲಿ ತಪ್ಪಲ್ಲ. ತಣ್ಣೀರು ಇಷ್ಟು ಜೋರು ಅಂದ್ರೆ ಬೀದಿ ಪೈಪಿನ ತಪ್ಪೂ ಅಲ್ಲ."

"ಮುಚ್ಚಳ ತೆಗೆಯಲ್ವಾ ಮಾವ?"

"ಮೂರು ಜನ ತೆಗೆದು ನೋಡಿದ್ರಲ್ಲ. ಮೊದ್ಲು ಈ ಡಬ್ಬದೊಳಗೆ ಎಷ್ಟು ಹೋಗ್ತಿದೆ ನೋಡೋಣ. ಹೋಗೋದೇ ಕಮ್ಮಿ ಇದ್ರೆ ಬರೋದು ಎಲ್ಲಿಂದ? ಒಂದು ಟಬ್ಬು ಕೊಡು."

ಕೋಂಬಿಯ ಹೊಟ್ಟೆಯ ಕೆಳಗೆ, ತಣ್ಣೀರು ಒಳಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ ಬಾಯಿ ಬಿಡಿಸಿ ಟಬ್ಬು ಹಿಡಿದ. ಜೋರಾಗಿ ನುಗ್ಗಬೇಕಿದ್ದ ನೀರು ಅಲ್ಲೂ ಸಣ್ಣಗೆ ಇಳಿಯಿತು. ತುಂಜಾಯ್ ಮುಖ ಅರಳಿತು. "ಅಂದ್ರೆ ಕೋಂಬಿ ಚೆನ್ನಾಗಿದೆ! ಅಮ್ಮ, ಕೋಂಬಿ ಚೆನ್ನಾಗಿದೆಯಂತೆ!"

"ಚೆನ್ನಾಗಿದೆ. ಇದಕ್ಕಿಂತ ಹಿಂದೆ ಎಲ್ಲೋ ಕಟ್ಟಿದೆ. ವಾಲ್ವ್ ನೋಡೋಣ" ಎಂದು ನನ್ನ ಗಂಡ ಪೈಪಿಗೆ ಸುತ್ತಿದ್ದ ಉಣ್ಣೆಪಟ್ಟಿ ಬಿಚ್ಚತೊಡಗಿದ. ಚಳಿಗೆ ನೀರು ಹೆಪ್ಪುಗಟ್ಟದಿರಲೆಂದು ಸುತ್ತಿದ ಪಟ್ಟಿ ಅದು, ಮೇಲೆ ತಾಮ್ರದ ತಂತಿಯ ಗಂಟು. ಬಿಚ್ಚುತ್ತಾ ಬಿಚ್ಚುತ್ತಾ ಅವನ ಕೈ ನಿಧಾನವಾಯಿತು. ಒಳಗೆ ಪುಟ್ಟ ವಾಲ್ವ್ ಕಾಣಿಸಿತು. ಅದಕ್ಕೆ ಹಿಡಿಯೇ ಇರಲಿಲ್ಲ. ಎಷ್ಟು ತೆರೆದಿದೆಯೆಂದು ತೋರಿಸುವ ನೆತ್ತಿಯ ಗೀರು ಅರ್ಧಕ್ಕಿಂತ ಹೆಚ್ಚು ಅಡ್ಡ ತಿರುಗಿ ನಿಂತಿತ್ತು.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅವನ ಕಿವಿ ಕೆಂಪಾಗುವುದನ್ನು ಕಂಡೆ, ಕಂಡಕೂಡಲೇ ನನಗೂ ಹೊಳೆಯಿತು. ಚಳಿಗಾಲದಲ್ಲಿ ಬರುವ ನೀರು ಹಿಮದಂತಿರುತ್ತದೆ. ಕೋಂಬಿ ಕಾಯಿಸುವುದಕ್ಕೂ ಒಂದು ಮಿತಿಯಿದೆ. ಹಾಗಾಗಿ ಒಳಗೆ ಹೋಗುವ ನೀರನ್ನೇ ಸ್ವಲ್ಪ ಕಡಿಮೆ ಮಾಡಿದರೆ ಹೊರಗೆ ಚೆನ್ನಾಗಿ ಕಾದು ಬರುತ್ತದೆ. ನಮ್ಮ ಕಡೆಯ ಉಸ್ತಾಗಳೆಲ್ಲ ಮಾಡುವ ಉಪಾಯ ಅದು. ಆದರೆ ತಿರುಗಿಸಿದ ಮೇಲೆ ಇನ್ನಾರೂ ಮುಟ್ಟಬಾರದೆಂದು ಹಿಡಿಯನ್ನೇ ಕಿತ್ತುಕೊಂಡು ಹೋಗುವವನು, ಮೇಲೆ ತಾಮ್ರದ ತಂತಿಯಲ್ಲಿ ಎರಡು ಸುತ್ತಿನ ಗಂಟು ಹಾಕುವವನು ಈ ಊರಿನಲ್ಲಿ ಒಬ್ಬನೇ. ಯಾವ ದಿನ ಮಾಡಿದ್ದೆಂದೂ ಹೇಳಬೇಕಿರಲಿಲ್ಲ. ಅವನು ಕೊನೆಯ ಸಲ ಈ ಮನೆಗೆ ಬಂದದ್ದು ಆ ಮಂಗಳವಾರವೇ.

"ಏನು ಮಾವ, ಸುಣ್ಣಾನಾ?" ಎಂದ ತುಂಜಾಯ್.

ನಮ್ಮ ಊರಿನ ನೀರಿನಲ್ಲಿ ಸುಣ್ಣ ಹೆಚ್ಚು. ಉಸ್ತಾಗಳಿಗೆ ಏನೂ ತಿಳಿಯದಿದ್ದಾಗ, ಏನಾದರೂ ಮುಚ್ಚಬೇಕಾದಾಗ, ಹೇಳುವ ಮಾತು ಅದೇ. ಯಾರೂ ಮರುಮಾತಾಡುವುದಿಲ್ಲ. ಹೂಂ ಎಂದಿದ್ದರೆ ಸಾಕಿತ್ತು, ಮೂರು ಜನಕ್ಕೆ ಆಗದ್ದನ್ನು ಮಾಡಿದ ಉಸ್ತಾ ಆಗುತ್ತಿದ್ದ, ಮಗಳು ಒಂದು ಚಹಾ ಆದರೂ ಕೊಡುತ್ತಿದ್ದಳು. ಹೂಂ ಅನ್ನು, ಹೂಂ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೇಳಿಕೊಳ್ಳಲು ನಾಚಿಕೆ, ಆದರೆ ಬೇಡಿಕೊಂಡೆ.

ಅಷ್ಟರಲ್ಲಿ ಸೆವಿಲಾಯ್ ಮಗುವಿನೊಂದಿಗೆ ನನ್ನ ಪಕ್ಕ ಬಂದು ನಿಂತಿದ್ದಳು. "ಏನಂತೆ, ಉಸ್ತಾ?"

ಅವನು ಎದ್ದು ನಿಂತ. "ಸುಣ್ಣಾನೂ ಇದೆ. ಆದ್ರೆ ತಪ್ಪು ಸುಣ್ಣದ್ದಲ್ಲ, ನಂದು. ಈ ವಾಲ್ವ್ ತಿರುಗಿಸಿ ಇಟ್ಟೋನು ನಾನು. ಮಗು ಬರುತ್ತಲ್ಲ, ಸ್ನಾನಕ್ಕೆ ನೀರು ಚೆನ್ನಾಗಿ ಕಾಯ್ಲಿ ಅಂತ. ಆವತ್ತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಿರುಗಿಸಿದ್ದೆ, ಉಳಿದ ಸಂದೀಲಿ ಸುಣ್ಣ ಕೂತು ಕೂತು ಪೂರ್ತಿ ಕಟ್ಕೊಂಡಿದೆ."



"ಯಾರನ್ನ ಕೇಳಿ ತಿರುಗಿಸಿದೆ?" ಸೆವಿಲಾಯ್ ದನಿ ಸಣ್ಣಗಿತ್ತು.

"ಯಾರನ್ನೂ ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಪ್ಪಾ!" ಮಗು ಬೆಚ್ಚಿ ಅತ್ತಿತು. ಸಿಟ್ಟಿನಲ್ಲಾದರೂ ಅವಳ ಬಾಯಿಂದ ಆ ಮಾತು ಬಂತು. "ಎರಡು ವರ್ಷ ಅಪ್ಪಾ! ಆಸ್ಪತ್ರೆಯಿಂದ ಬಂದ ಸಂಜೆ ಮೈ ತೊಳ್ಕೊಳ್ಳೋಣ ಅಂತ ಹೋದ್ರೆ ನೆತ್ತಿ ಮೇಲೆ ನಾಲ್ಕು ಹನಿ ನೀರು. ಅದರ ಕೆಳಗೆ ಎಷ್ಟು ಹೊತ್ತು ನಿಂತಿದ್ದೆ ಗೊತ್ತಾ? ಈ ಮನೇಲಿ ನನಗೆ ನೀರೂ ಹುಟ್ಟಲ್ಲ ಅನ್ಕೊಂಡೆ. ನೀನು ಮುಟ್ಟಿದ್ದೆಲ್ಲಾ ಹೀಗೇನೇ. ನನ್ನ ಡ್ರಾಯರ್, ನನ್ನ ಚೀಟಿ, ನನ್ನ ಕೋಣೆ..."

"ಡ್ರಾಯರ್ ಮುಟ್ಟಿಲ್ಲ ಅವನು" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅವನು ಬೇಡ ಎಂಬಂತೆ ತಲೆಯಾಡಿಸಿದ, ನಾನು ನಿಲ್ಲಲಿಲ್ಲ. ನಿಂತಿದ್ದರೆ ಮತ್ತೆ ಎಂದೂ ಹೇಳುತ್ತಿರಲಿಲ್ಲ. "ನಾನೇ ಹೇಳಿದ್ದು. ನೀನು ಆಣೆ ಹಾಕಿಸ್ಕೊಂಡ ಹತ್ತನೇ ದಿನಕ್ಕೆ. ಅವನು ನನ್ನ ಹೆಸರು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹೆದರ್ಕೊಂಡಿದ್ದೆ ಮಗಳೇ."

ಅವಳು ನನ್ನನ್ನು ನೋಡಿದ ನೋಟ ನನಗೇ ಇರಲಿ, ಬರೆಯಲಾರೆ. "ನಿನ್ನ ಹತ್ರ ಇವತ್ತು ಮಾತಾಡೋಕಾಗಲ್ಲಮ್ಮ" ಎಂದು ಅಳುವ ಮಗುವನ್ನು ತಟ್ಟುತ್ತಾ ಒಳಕ್ಕೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಬಾಲ್ಕನಿಯಿಂದ ಅವನ ದನಿ ಕೇಳಿತು. "ತುಂಜಾಯ್, ಮನೆಯ ಮೇನ್ ವಾಲ್ವ್ ಮುಚ್ಚಪ್ಪ. ಇದನ್ನ ತೆಗೆದು ಹೊಸದು ಹಾಕ್ಬೇಕು. ಹಾಕ್ಲಾ?" ತುಂಜಾಯ್ ಬಾಯಿ ತೆರೆದು ನಿಂತ. ಅವನಿಗೆ ಮಾವನಿಂದ ಅಂಥ ಪ್ರಶ್ನೆ ಕೇಳಿ ಅಭ್ಯಾಸವಿರಲಿಲ್ಲ. "ಹಾಕಿ ಮಾವ" ಎಂದ.

ಹಳೆಯ ವಾಲ್ವ್ ಬಿಚ್ಚಿ ತೆಗೆದಾಗ ಅದರ ಬಾಯಲ್ಲಿ ಬಿಳಿ ಸುಣ್ಣ ಹಲ್ಲಿನಂತೆ ಬೆಳೆದಿತ್ತು. ಹೊಸದನ್ನು ಕೂರಿಸಿ ನೀರು ಬಿಟ್ಟದ್ದೇ ತಡ, ಬಚ್ಚಲಲ್ಲಿ ತೆರೆದಿಟ್ಟಿದ್ದ ನಲ್ಲಿ ಕೆಮ್ಮಿ, ಕಂದು ನೀರು ಉಗುಳಿ, ಆಮೇಲೆ ಭೋರೆಂದು ಸುರಿಯಿತು. ಕೋಂಬಿ ಹೊತ್ತಿಕೊಂಡಿತು. ಕನ್ನಡಿಯ ಮೇಲೆ ಹಬೆ ಕೂತಿತು. ಹಿಡಿಯನ್ನು ಅವನು ಈ ಸಲ ಕೀಳಲಿಲ್ಲ. "ಹೀಗೆ ತಿರುಗಿಸಿದ್ರೆ ಜಾಸ್ತಿ, ಹೀಗೆ ಕಮ್ಮಿ. ನಿಮಗೆ ಹೇಗೆ ಬೇಕೋ ಹಾಗೆ ಇಟ್ಕೊಳ್ಳಿ" ಎಂದು ತುಂಜಾಯ್‌ಗೆ ತೋರಿಸಿದ.

ಹೆಂಗಸರ ಕೆಲಸ ಶುರುವಾಯಿತು. ಫೆರ್ದಾನೆ ಉಂಗುರ ಹಾಕಿ ಚಮಚ ಎಣಿಸತೊಡಗಿದಳು. ಇಪ್ಪತ್ತಮೂರಕ್ಕೆ ಬಂದಾಗ ತನ್ನ ತಂಗಿಯ ಸೊಸೆಯ ಸುದ್ದಿ ಶುರುಮಾಡಿ, ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಎಣಿಸಿದಳು. ಮಗು ಬಿಸಿನೀರು ಮೈಗೆ ಬಿದ್ದೊಡನೆ ಅಳು ನಿಲ್ಲಿಸಿ ಕಣ್ಣರಳಿಸಿತು. ಆಮೇಲೆ ಸೆವಿಲಾಯ್ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನೀರು ಸುರಿಯುವ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ನಡುವೆ ಅವಳು ಅತ್ತಂತೆ ಕೇಳಿಸಿತು. ನೀರಿನ ಸದ್ದಿನಲ್ಲಿ ನನಗೆ ಸರಿಯಾಗಿ ತಿಳಿಯಲಿಲ್ಲ, ಬಾಗಿಲು ತಟ್ಟುವ ಹಕ್ಕೂ ನನಗಿರಲಿಲ್ಲ.

ಅಷ್ಟೂ ಹೊತ್ತು ನನ್ನ ಗಂಡ ಬಾಲ್ಕನಿಯಲ್ಲಿ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿದ, ತೆಗೆದ, ಮತ್ತೆ ತುಂಬಿದ. ಪರದೆಯ ಕೋಲು ಒಂದು ಕಡೆ ಜಾರಿ ನೇತಾಡುತ್ತಿತ್ತು. ಅದನ್ನು ನೋಡಿದ, ನೋಡಿ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಕೊನೆಗೆ ತಡೆಯಲಾರದೆ ಚೀಲ ಎತ್ತಿಕೊಂಡು ಬಾಗಿಲಿಗೆ ಹೋದ. "ನಾನು ಹೊರಡ್ತೀನಿ. ನೀನು ನಿಧಾನಕ್ಕೆ ಬಾ" ಎಂದು ನನಗೆ ಹೇಳಿ ಬಗ್ಗಿ ಶೂ ಎಳೆದುಕೊಂಡ.

ಬಚ್ಚಲ ಚಿಲಕ ತೆಗೆದ ಸದ್ದಾಯಿತು. ತಲೆಗೆ ಟವೆಲು ಸುತ್ತಿಕೊಂಡು, ಹಬೆಗೆ ಕೆಂಪಾದ ಮುಖದಲ್ಲಿ ಸೆವಿಲಾಯ್ ಬಂದಳು. ಫೆರ್ದಾನೆಯ ಕೈಯಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತೆಗೆದುಕೊಂಡು ಬಾಗಿಲವರೆಗೂ ನಡೆದಳು. ಅವನು ಒಂದು ಕಾಲಿಗೆ ಶೂ ಹಾಕಿ, ಇನ್ನೊಂದು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತ.

"ನೀರು ಸಾಕಾಯ್ತಾ?" ಎಂದ.

"ಆಯ್ತು."

ಅವನ ಕಣ್ಣು ಆ ಬಿಳಿ ಬಟ್ಟೆಯನ್ನು ಬಿಟ್ಟು ಕದಲಲಿಲ್ಲ. ಕೈ ತಾನಾಗಿ ಮುಂದೆ ಬಂತು, ಅರ್ಧಕ್ಕೆ ನಿಂತಿತು, ಹಿಂದೆ ಹೋಯಿತು.

"ಎತ್ಕೊಳ್ಳಲಾ?" ಎಂದು ಕೇಳಿದ.

ಸೆವಿಲಾಯ್ ಅವನನ್ನೇ ನೋಡಿದಳು. ಆಮೇಲೆ ಅವನ ಕೈ ನೋಡಿದಳು.

"ಕೈಯೆಲ್ಲಾ ಗ್ರೀಸು" ಎಂದಳು. "ತೊಳ್ಕೊಂಡ್ ಬಾ. ಬಿಸಿನೀರಲ್ಲಿ."

ಅವನು ಒಂದು ಕಾಲಿನ ಶೂ ಬಿಚ್ಚುವುದನ್ನೂ ಮರೆತು ಒಳಗೆ ಓಡಿದ. ಈಗಷ್ಟೇ ಒರೆಸಿದ ನೆಲ ಎಂದು ಫೆರ್ದಾನೆ ಕಿರುಚಿದಳು. ಅಡುಗೆಮನೆಯ ಸಿಂಕಿನ ಮುಂದೆ ನಿಂತು, ನಲ್ಲಿ ಪೂರ್ತಿ ಬಿಟ್ಟುಕೊಂಡು, ಸೋಪು ಹಚ್ಚಿ ತೊಳೆದ, ಮತ್ತೆ ಹಚ್ಚಿ ತೊಳೆದ. ಗ್ರೀಸು ಹೋಗಿತ್ತು. ಆದರೂ ತೊಳೆಯುತ್ತಲೇ ಇದ್ದ, ನಮಗೆ ಬೆನ್ನು ಹಾಕಿ, ಭುಜ ಅಲುಗುತ್ತಿತ್ತು. ಸೆವಿಲಾಯ್ ಬಾಗಿಲಲ್ಲಿ ಮಗುವನ್ನು ಹಿಡಿದು ಕಾದಳು, ಇನ್ನೂ ಸ್ವಲ್ಪ ಕಾದಳು.

"ಸಾಕು ಬಾರಪ್ಪ" ಎಂದಳು. "ಇವಳು ಎಷ್ಟು ಹೊತ್ತು ಕಾಯ್ಬೇಕು?"